ಸಿಡಿ ಥರ ಇಲ್ವಂತೆ!

ನಿನ್ನೆ ರಾತ್ರಿಯಿಂದ ತಲೆ ಕೆಟ್ಟಿದೆ. ಬರೆದು ಹಗುರ ಆಗೋಣ ಅಂತ ಕೂತಿದ್ದೇನೆ. ಉದ್ದ ಆಗುತ್ತೆ. ಹಿಪ್ ಹಾಪ್ (ಬೀಟಿನ ಮೇಲೆ ಸಾಲು ಹೇಳುವ ರ‍್ಯಾಪ್ ಸಂಗೀತ) ಅಂದರೆ ಕಿವಿ ಮುಚ್ಚಿಕೊಳ್ಳುವವರು ಇಲ್ಲಿಂದಲೇ ಹೊರಡಬಹುದು, ನನಗೇನೂ ಬೇಜಾರಿಲ್ಲ.

ನಿನ್ನೆ ಹಳೇ ಗೆಳೆಯರು ನಾಲ್ಕೈದು ಜನ ಸೇರಿದ್ದೆವು. ನಮ್ಮ ಗ್ಯಾಂಗು ನಿಮಗೆ ಗೊತ್ತಲ್ಲ. ಇಪ್ಪತ್ತು ವರ್ಷದಿಂದ ಅದೇ ಹಾಡು, ಅದೇ ಜಗಳ. ನಾನು ಸ್ಪೀಕರಿಗೆ ಅಮೆರಿಕದ ಹಿಪ್ ಹಾಪ್ ತಂಡ ವು-ಟ್ಯಾಂಗ್ ಕ್ಲಾನ್‌ನ ಲೈವ್ ಆಲ್ಬಮ್ (ಸ್ಟೇಜ್ ಮೇಲೆ ಹಾಡಿದ್ದನ್ನೇ ರೆಕಾರ್ಡ್ ಮಾಡಿದ್ದು) ಹಾಕಿದೆ, 'ಡಿಸೈಪಲ್ಸ್ ಆಫ್ ದ 36 ಚೇಂಬರ್ಸ್'. ಮೂರನೇ ಹಾಡು ಮುಗಿಯುವ ಮೊದಲೇ ಒಬ್ಬ ಕೈಯಿಂದ ಫೋನ್ ಕಿತ್ತುಕೊಂಡು ನಿಲ್ಲಿಸಿದ.

"ಏನೋ ಇದು, ಸಂತೆ ಗದ್ದಲ. ಸಿಡಿ ಥರ ಇಲ್ವೇ ಇಲ್ಲ."

ಆಮೇಲೆ ಅದೇ ತಂಡದ 1993ರ ಸ್ಟುಡಿಯೋ ಆಲ್ಬಮ್ ಹಾಕಿ, ಸೋಫಾಕ್ಕೆ ಒರಗಿ, ಕಣ್ಣು ಮುಚ್ಚಿ, "ಹಾಂ, ಇದು ನೋಡು ಸೌಂಡು" ಅಂದ. ಉಳಿದವರೂ ಕೋಲೆ ಬಸವನ ಥರ ತಲೆ ಆಡಿಸಿದರು.

ಸಿಡಿ ಥರ ಇಲ್ಲ ಅಂತೆ. ಅಲ್ಲಪ್ಪ, ಸಿಡಿ ಥರಾನೇ ಇರಬೇಕು ಅಂದರೆ ಸಿಡಿ ಇದೆಯಲ್ಲ! ಅದನ್ನೇ ಕೇಳು. ಅದನ್ನು ನಿನ್ನಿಂದ ಯಾರೂ ಕಿತ್ತುಕೊಂಡಿಲ್ಲ. ಫೋನ್ ಕಿತ್ತುಕೊಂಡವನು ನೀನು.

ಇವನೊಬ್ಬನೇ ಆಗಿದ್ದರೆ ಬಿಟ್ಟುಬಿಡುತ್ತಿದ್ದೆ. ಈ ಆಲ್ಬಮ್ ಬಗ್ಗೆ ಅಭಿಮಾನಿಗಳ ಬಾಯಲ್ಲಿ ಕೇಳಿರುವುದೆಲ್ಲ ಸುಮಾರಾಗಿ ಇದೇ. ಸೌಂಡ್ ಕಲಸಿಹೋಗಿದೆ. ಯಾರ ಸಾಲು ಯಾರು ಹೇಳುತ್ತಿದ್ದಾರೆ ಗೊತ್ತಾಗಲ್ಲ. ಹಾಡುಗಳನ್ನು ಅರ್ಧಕ್ಕೆ ಕತ್ತರಿಸಿದ್ದಾರೆ. ಗಂಟಲು ಕಟ್ಟಿದೆ. ಎಲ್ಲಾ ನಿಜ. ಒಂದನ್ನೂ ಅಲ್ಲಗಳೆಯಲ್ಲ. ನನ್ನ ತಕರಾರು ಇರುವುದು ಮುಂದಿನ ಸಾಲಿಗೆ: "ಆದ್ದರಿಂದ ಕೆಟ್ಟ ಆಲ್ಬಮ್." ಈ 'ಆದ್ದರಿಂದ' ಎಲ್ಲಿಂದ ಬಂತು?

ಸ್ವಲ್ಪ ಹಿಂದೆ ಹೋಗೋಣ. ಗೊತ್ತಿರುವವರು ಕಣ್ಣಾಡಿಸಿ ದಾಟಿ.

1973ರ ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್, ಸೆಜ್‌ವಿಕ್ ಅವೆನ್ಯೂ, 1520ನೇ ನಂಬರಿನ ಅಪಾರ್ಟ್‌ಮೆಂಟ್. ಶಾಲೆ ಶುರುವಾಗುವ ಮೊದಲು ಹೊಸ ಬಟ್ಟೆಗೆ ದುಡ್ಡು ಬೇಕು ಅಂತ ಸಿಂಡಿ ಕ್ಯಾಂಪ್‌ಬೆಲ್ ಅನ್ನುವ ಹುಡುಗಿ ಒಂದು ಪಾರ್ಟಿ ಇಟ್ಟಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್. ರೆಕಾರ್ಡ್ ಹಾಕಲು ಕೂತವನು ಅವಳ ಅಣ್ಣ, ಡಿಜೆ ಕೂಲ್ ಹರ್ಕ್. ಹಾಡಿನಲ್ಲಿ ಬರೀ ಡ್ರಮ್ ಬರುವ ಜಾಗಕ್ಕೆ ಜನ ಹುಚ್ಚೆದ್ದು ಕುಣಿಯುತ್ತಾರೆ ಅನ್ನುವುದನ್ನು ಅವನು ಗಮನಿಸಿದ್ದ. ಆ ತುಂಡನ್ನೇ ಎಳೆದೆಳೆದು ಹಾಕುತ್ತಿದ್ದ. ಅವನ ಜೊತೆಗಿದ್ದ ಕೋಕ್ ಲಾ ರಾಕ್ ಮೈಕ್ ಹಿಡಿದು ಬಂದ ಗೆಳೆಯರ ಹೆಸರು ಕೂಗುತ್ತಿದ್ದ. ಹಿಪ್ ಹಾಪ್ ಹುಟ್ಟಿದ್ದು ಹೀಗೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ.

ರ‍್ಯಾಪ್ ಮೊದಲ ಸಲ ದೊಡ್ಡ ಹಿಟ್ ರೆಕಾರ್ಡ್ ಆಗಿದ್ದು 1979ರಲ್ಲಿ, ಶುಗರ್‌ಹಿಲ್ ಗ್ಯಾಂಗ್‌ನವರ 'ರ‍್ಯಾಪರ್ಸ್ ಡಿಲೈಟ್'. ನಡುವೆ ಆರು ವರ್ಷ! ಆ ಆರು ವರ್ಷ ಈ ಸಂಗೀತಕ್ಕೆ ಸ್ಟುಡಿಯೋ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಪಾರ್ಕಿನಲ್ಲಿ, ಹಾಲಿನಲ್ಲಿ ನಡೆದದ್ದನ್ನು ಯಾರೋ ಕ್ಯಾಸೆಟ್ಟಿಗೆ ಹಿಡಿಯುತ್ತಿದ್ದರು. ಅದು ಟೇಪಿನಿಂದ ಟೇಪಿಗೆ ಕಾಪಿಯಾಗಿ, ಒಂದೊಂದು ಕಾಪಿಗೂ ಇನ್ನಷ್ಟು ಕೆಟ್ಟು, ಊರೆಲ್ಲ ಸುತ್ತುತ್ತಿತ್ತು. ಪಬ್ಲಿಕ್ ಎನಿಮಿ ಅನ್ನುವ ಹಿಪ್ ಹಾಪ್ ತಂಡದ ಚಕ್ ಡಿ ಆ ದಿನಗಳ ಬಗ್ಗೆ ಹೇಳಿಕೊಂಡಿದ್ದಾನೆ. ಹಿಪ್ ಹಾಪ್ ರೆಕಾರ್ಡ್ ಆಗಿ ಬರುತ್ತೆ ಅಂದಾಗ ಅವನಿಗೆ ನಂಬಿಕೆಯೇ ಬರಲಿಲ್ಲವಂತೆ. ಮೂರು ಗಂಟೆಯ ಪಾರ್ಟಿಯನ್ನು ರೆಕಾರ್ಡಿನಲ್ಲಿ ಹೇಗೆ ತುಂಬುತ್ತಾರೆ ಅಂತ. ಹದಿನೈದು ನಿಮಿಷದ 'ರ‍್ಯಾಪರ್ಸ್ ಡಿಲೈಟ್' ಬಂದಾಗ, ಅಯ್ಯೋ ಬರೀ ಹದಿನೈದೇ ನಿಮಿಷಕ್ಕೆ ಇಳಿಸಿಬಿಟ್ಟರಾ ಅನ್ನಿಸಿತಂತೆ.

ಅಂದರೆ ಮೊದಲು ಬಂದದ್ದು ಗದ್ದಲ. ಸಿಡಿ ಆಮೇಲೆ. ಸೋಫಾ ಇನ್ನೂ ಆಮೇಲೆ.

ಈಗ ಈ ಆಲ್ಬಮ್ಮಿಗೆ ಬರ್ತೀನಿ. 2004ರ ಜುಲೈ 17, ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ 'ರಾಕ್ ದ ಬೆಲ್ಸ್' ಅನ್ನುವ ಕಾರ್ಯಕ್ರಮ. ವು-ಟ್ಯಾಂಗ್‌ನ ಮೂಲ ಒಂಬತ್ತು ಜನರೂ ಒಂದೇ ಸ್ಟೇಜ್ ಮೇಲೆ. ರಿಜಾ, ಜಿಜಾ, ಮೆಥಡ್ ಮ್ಯಾನ್, ರೇಕ್ವಾನ್, ಗೋಸ್ಟ್‌ಫೇಸ್, ಇನ್‌ಸ್ಪೆಕ್ಟಾ ಡೆಕ್, ಯು-ಗಾಡ್, ಮಾಸ್ಟಾ ಕಿಲ್ಲಾ, ಮತ್ತೆ ಓಲ್ ಡರ್ಟಿ ಬಾಸ್ಟರ್ಡ್, ಅಂದರೆ ನಮ್ಮ ಓಡಿಬಿ. ಈ ಒಂಬತ್ತು ಜನರನ್ನು ಒಂದು ಕಡೆ ಸೇರಿಸುವುದೂ ಕಪ್ಪೆ ಹಿಡಿದು ತಕ್ಕಡಿಗೆ ಹಾಕುವುದೂ ಒಂದೇ. ಅದರಲ್ಲೂ ಓಡಿಬಿ! 1998ರ ಗ್ರ್ಯಾಮಿಯಲ್ಲಿ ಬೇರೆ ಯಾರಿಗೋ ಪ್ರಶಸ್ತಿ ಕೊಡುವಾಗ ಸ್ಟೇಜ್ ಹತ್ತಿ ಮೈಕ್ ಹಿಡಿದ ಭೂಪ. 2000ದಲ್ಲಿ ಪೊಲೀಸರು ಹುಡುಕುತ್ತಿದ್ದಾಗಲೇ ನ್ಯೂಯಾರ್ಕಿನಲ್ಲಿ ತಂಡದ ಜೊತೆ ಸ್ಟೇಜ್ ಮೇಲೆ ಕಾಣಿಸಿಕೊಂಡು ಮಾಯ ಆದವನು. ಆಮೇಲೆ ಜೈಲು. 2003ರಲ್ಲಿ ಬಿಡುಗಡೆ. ಈ ಕಾರ್ಯಕ್ರಮದ ಬಗ್ಗೆ ಒಂದು ಸಾಕ್ಷ್ಯಚಿತ್ರವೂ ಇದೆ. ಸುಡುವ ಬಿಸಿಲು, ಗೇಟಿನ ಹತ್ತಿರ ನೂಕುನುಗ್ಗಲು, ಓಡಿಬಿ ಬರ್ತಾನೋ ಇಲ್ವೋ ಅನ್ನುವ ತಲೆಬಿಸಿ, ಎಲ್ಲ ಅದರಲ್ಲಿದೆ. ನೋಡುತ್ತಾ ನನಗೇ ಬೆವರು ಬಂದಿತ್ತು.

ಇಂಥ ದಿನದ ರೆಕಾರ್ಡಿಂಗು ಸೋಫಾ ಮೇಲೆ ಒರಗಿ ಕೇಳಲು ಹಿತವಾಗಿರಬೇಕಂತೆ.

ಸೌಂಡ್ ಯಾಕೆ ಕಲಸಿಹೋಗುತ್ತೆ ಅಂತ ಒಂದು ಸಲವಾದರೂ ಯೋಚಿಸಿದ್ದೀರಾ? ರ‍್ಯಾಪರ್ ಮೈಕ್ ಹಿಡಿಯುವುದನ್ನು ಹತ್ತಿರದಿಂದ ನೋಡಿ. ಕೆಳಗೆ ಹಿಡಿ ಇದೆಯಲ್ಲ, ಅಲ್ಲಿ ಹಿಡಿಯಲ್ಲ. ಮೇಲಿನ ಜಾಲರಿಯ ಗುಂಡನ್ನೇ ಮುಷ್ಟಿಯಲ್ಲಿ ಮುಚ್ಚಿ ಹಿಡಿಯುತ್ತಾನೆ. ನೋಡೋಕೆ ಚೆಂದ. ಆದರೆ ಸ್ಟೇಜ್ ಮೈಕುಗಳು ಮುಂದಿನ ಸದ್ದನ್ನು ಹಿಡಿದು ಹಿಂದಿನದನ್ನು ಬಿಡುವ ಹಾಗೆ ಮಾಡಿರುತ್ತಾರೆ. ಆ ಕೆಲಸ ಮಾಡುವುದು ಜಾಲರಿಯ ಹಿಂಬದಿಯ ಸಂದುಗಳು. ಮುಷ್ಟಿ ಅದನ್ನು ಮುಚ್ಚಿದರೆ ಮೈಕಿಗೆ ದಿಕ್ಕು ತಪ್ಪುತ್ತದೆ. ಪಕ್ಕದವನ ದನಿ, ಕಾಲ ಹತ್ತಿರದ ಸ್ಪೀಕರಿನ ಬೀಟು, ಎಲ್ಲ ಒಳಗೆ. ಮಾತಿನ ತ, ಕ, ಸ ಎಲ್ಲ ಮಸುಕಾಗಿ ಬರೀ 'ಬೊಂವ್ ಬೊಂವ್' ಉಳಿಯುತ್ತದೆ. ಜೊತೆಗೆ ಕೀ ಅಂತ ಕಿರುಚಾಟ. ಸೌಂಡ್ ಕೆಲಸದವರು ಇದಕ್ಕೆ ಬೈಯುವ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ. ಇಂಥ ಕೈಗಳು ಒಂಬತ್ತು ಜೊತೆ ಅಂತ ಲೆಕ್ಕ ಹಾಕಿ.

ಇನ್ನು ಉಸಿರು. ಸ್ಟುಡಿಯೋದಲ್ಲಿ ಸಾಲು ಸಾಲಾಗಿ ಹೇಳಿ ಜೋಡಿಸಬಹುದು. ಒಂದೇ ಸಾಲನ್ನು ಎರಡು ಸಲ ಹೇಳಿ ಒಂದರ ಮೇಲೊಂದು ಕೂರಿಸಬಹುದು, ದನಿ ದಪ್ಪ ಆಗುತ್ತೆ. ಸ್ಟೇಜ್ ಮೇಲೆ ಇರುವುದು ಒಂದೇ ಶ್ವಾಸಕೋಶ. ಓಡಾಡಬೇಕು, ಕೈ ಬೀಸಬೇಕು, ಹದಿನಾರು ಸಾಲು ಹೇಳಬೇಕು. ಅದಕ್ಕೇ ಪಕ್ಕದಲ್ಲೊಬ್ಬ ಹೈಪ್ ಮ್ಯಾನ್ ಇರುತ್ತಾನೆ. ಸಾಲಿನ ಕೊನೇ ಪದ ಅವನು ಕೂಗುತ್ತಾನೆ. ಆ ಅರ್ಧ ಸೆಕೆಂಡಿನಲ್ಲಿ ಇವನು ಉಸಿರು ಎಳೆದುಕೊಳ್ಳುತ್ತಾನೆ. "ಯಾರ ಸಾಲು ಯಾರು ಹೇಳ್ತಿದ್ದಾರೆ ಗೊತ್ತಾಗಲ್ಲ" ಅಂತೀರಲ್ಲ, ಅದು ಇದೇ ಮಾರಾಯ್ರೇ. ಒಬ್ಬ ಮುಳುಗುತ್ತಿರುವಾಗ ಇನ್ನೊಬ್ಬ ಕೈ ಕೊಟ್ಟು ಎತ್ತುವ ಸದ್ದು ಅದು.

ಇನ್ನೊಂದಿದೆ, ನನಗೆ ಬಹಳ ಇಷ್ಟ. ಎಲ್ಲರಿಗೂ ಬಾಯಿಪಾಠ ಆದ ಸಾಲು ಬರುವ ಹೊತ್ತಿಗೆ ಡಿಜೆ ಬೀಟನ್ನು ತಟ್ಟನೆ ಇಳಿಸಿಬಿಡುತ್ತಾನೆ. ರ‍್ಯಾಪರ್ ಮೈಕನ್ನು ಜನರ ಕಡೆ ತಿರುಗಿಸುತ್ತಾನೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಸಾವಿರಾರು ಗಂಟಲು. ಆ ಒಂದು ಕ್ಷಣ ಇದೆಯಲ್ಲ, ಅದು ಯಾವ ಸ್ಟುಡಿಯೋ ಆಲ್ಬಮ್ಮಿನಲ್ಲೂ ಇಲ್ಲ. ಇದನ್ನು ಹೇಳಿದರೆ ನಿನ್ನೆ ಒಬ್ಬ ಏನಂದ ಗೊತ್ತಾ? "ಹಾಡಬೇಕಾದವರು ಅವರು, ದುಡ್ಡು ತಗೊಂಡಿರೋದು ಅವರು, ಹಾಡೋದು ನಾವಾ?" ನಕ್ಕೆ. ಆದರೆ ಒಳಗೆ ಉರಿಯಿತು.

ಇನ್ನೊಂದು ತಮಾಷೆ ಕೇಳಿ. ಇವರು "ಸೌಂಡ್ ಅಂದ್ರೆ ಇದು" ಅಂತ ಕಣ್ಣು ಮುಚ್ಚಿ ಕೇಳುವ 1993ರ ಆಲ್ಬಮ್ ಇದೆಯಲ್ಲ, ಅದು ಹೆಸರು ಮಾಡಿದ್ದೇ ಒರಟು ಸೌಂಡಿಗೆ! ಕಡಿಮೆ ಖರ್ಚಿನಲ್ಲಿ, ಸಣ್ಣ ಸ್ಟುಡಿಯೋದಲ್ಲಿ ಮಾಡಿದ್ದು. ಹಳೇ ಕುಂಗ್ ಫೂ ಸಿನಿಮಾದ ಮಾತುಗಳು, ಧೂಳು ಹಿಡಿದಂಥ ಡ್ರಮ್ಮು. ಅದರ ಗಲೀಜು ಚೆಂದ, ಇದರ ಗಲೀಜು ಕಸ. ಮೂವತ್ತು ವರ್ಷ ಕೇಳಿ ಕೇಳಿ ಆ ಗಲೀಜು ಕಿವಿಗೆ ಒಗ್ಗಿದೆ ಅಷ್ಟೇ.

ನಮ್ಮವನ ಮುಂದಿನ ಅಸ್ತ್ರ ಜೇ-ಜೀ ಅನ್ನುವ ರ‍್ಯಾಪರ್. "ಲೈವ್ ಅಂದ್ರೆ ಅನ್‌ಪ್ಲಗ್ಡ್ ಥರ ಇರಬೇಕು." ಅದು ಜೇ-ಜೀಯ ಲೈವ್ ಆಲ್ಬಮ್, 2001ರ ಡಿಸೆಂಬರಿನಲ್ಲಿ ಬಂದದ್ದು, ಹಿಂದೆ ನುಡಿಸಿದ್ದು ದ ರೂಟ್ಸ್ ಅನ್ನುವ ಹಿಪ್ ಹಾಪ್ ತಂಡ. ಒಳ್ಳೇ ಆಲ್ಬಮ್, ಒಪ್ಪಿದೆ. ನಾನೂ ನೂರು ಸಲ ಕೇಳಿದ್ದೇನೆ. ಆದರೆ ಅದು ಟೀವಿಗಾಗಿ ಮಾಡಿದ ಕಾರ್ಯಕ್ರಮ. ಪುಟ್ಟ ಜಾಗ, ಕೈಯಳತೆಯಲ್ಲಿ ಜನ, ಪಳಗಿದ ವಾದ್ಯದವರು, ಮೈಕ್ ಹೆಚ್ಚುಕಡಿಮೆ ಒಬ್ಬನದು. ಅದನ್ನು ಸ್ಯಾನ್ ಬರ್ನಾರ್ಡಿನೋದ ಬಿಸಿಲಿಗೆ ಹೋಲಿಸುವುದು ಅಂದರೆ ಈಜುಕೊಳ ನೋಡಿ ಬಂದು ಸಮುದ್ರಕ್ಕೆ ಬೈದ ಹಾಗೆ. ಉಪ್ಪು ಜಾಸ್ತಿ ಆಯ್ತು ಅಂತ.

ಅದೇ ರೂಟ್ಸ್‌ನವರ ಸ್ವಂತ ಲೈವ್ ಆಲ್ಬಮ್ 1999ರಲ್ಲಿ ಬಂತು, 'ದ ರೂಟ್ಸ್ ಕಮ್ ಅಲೈವ್'. ಅದರಲ್ಲಿ ಅವರ ದೊಡ್ಡ ಹಿಟ್ 'ಯು ಗಾಟ್ ಮಿ' ಇದೆ. ಆ ಹಾಡನ್ನು ಅವರ ಜೊತೆ ಬರೆದವಳು ಜಿಲ್ ಸ್ಕಾಟ್. ಆಗ ಅವಳ ಹೆಸರು ಯಾರಿಗೂ ಗೊತ್ತಿಲ್ಲ. ಕಂಪನಿಯವರಿಗೆ ಹೆಸರಿರುವವರು ಬೇಕಿತ್ತು. ಸ್ಟುಡಿಯೋ ಆಲ್ಬಮ್ಮಿನಲ್ಲಿ ಎರಿಕಾ ಬಾಡು ಹಾಡಿದಳು. ಅವಳೂ ಅದ್ಭುತವಾಗಿ ಹಾಡಿದ್ದಾಳೆ, ಅದು ಬೇರೆ ಮಾತು. ಜಿಲ್ ಸ್ಕಾಟ್‌ಗೆ ಅವಳ ಹಾಡು ವಾಪಸ್ ಸಿಕ್ಕಿದ್ದು ಈ ಲೈವ್ ಆಲ್ಬಮ್ಮಿನಲ್ಲಿ. ಇಲ್ಲಿ ಹೇಳಿ, ಯಾವುದು 'ಒರಿಜಿನಲ್'? ಸಿಡಿಯದಾ, ಸ್ಟೇಜಿನದಾ?

ಗಾಯಕಿ ಲಾರಿನ್ ಹಿಲ್ ಅದೇ ಟೀವಿ ಸರಣಿಗೆ ಮಾಡಿದ ಅನ್‌ಪ್ಲಗ್ಡ್ ಬಗ್ಗೆ ಹೇಳದೆ ಇರೋಕಾಗಲ್ಲ. 2002ರಲ್ಲಿ ಬಂತು. ಎಲ್ಲರೂ ಅವಳ ಮೊದಲ ಆಲ್ಬಮ್ಮಿನ ಹಾಡು ಬರುತ್ತೆ ಅಂತ ಕಾದರು. ಅವಳು ಒಂದು ಗಿಟಾರ್ ಹಿಡಿದು ಬಂದು ಬಹುತೇಕ ಹೊಸ ಹಾಡುಗಳನ್ನೇ ಹಾಡಿದಳು. ದನಿ ಒಡೆದಿತ್ತು. ನಡುನಡುವೆ ಉದ್ದುದ್ದ ಮಾತು. ಒಂದು ಕಡೆ ಅತ್ತೇಬಿಟ್ಟಳು. ಜನ ಹಿಗ್ಗಾಮುಗ್ಗಾ ಬೈದರು. ಇನ್ನೊಂದಷ್ಟು ಜನ ಅದನ್ನು ಎದೆಗೆ ಅಪ್ಪಿಕೊಂಡರು. ಎರಡು ವರ್ಷ ಬಿಟ್ಟು ರ‍್ಯಾಪರ್ ಕಾನ್ಯೆ ವೆಸ್ಟ್ ತನ್ನ ಮೊದಲ ಆಲ್ಬಮ್ಮಿನ 'ಆಲ್ ಫಾಲ್ಸ್ ಡೌನ್' ಹಾಡಿಗೆ ಬಳಸಿಕೊಂಡದ್ದು ಇದೇ ಆಲ್ಬಮ್ಮಿನ ಒಂದು ತುಣುಕನ್ನು. ಅವಳ ದನಿಗೆ ಅನುಮತಿ ಸಿಗಲಿಲ್ಲ. ಸಿಲೀನಾ ಜಾನ್ಸನ್ ಅನ್ನುವ ಗಾಯಕಿ ಹತ್ತಿರ ಅದೇ ಸಾಲನ್ನು ಹಾಡಿಸಿದ. ಆ ಹಾಡನ್ನು ನಮ್ಮ ಗ್ಯಾಂಗಿನವರು ಎಷ್ಟು ಸಲ ಕೇಳಿದ್ದಾರೋ ಲೆಕ್ಕ ಇಲ್ಲ. ಆ ಸಾಲು ಬಂದದ್ದು ಯಾರೋ ಒಬ್ಬಳ ಒಡೆದ ಗಂಟಲಿನಿಂದ ಅಂತ ಹೇಳಿದರೆ, "ಹೌದಾ?" ಅಂತ ಫೋನ್ ನೋಡುತ್ತಾ ಕೂರುತ್ತಾರೆ.

ಸರಿ, ಇನ್ನೊಂದು ಕಡೆಯ ಮಾತನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕಾಮೆಂಟಿನಲ್ಲಿ ಬಂದು ಅದನ್ನೇ ಹಾಕುತ್ತೀರಿ. "ಲೈವ್ ಅನ್ನೋದೇ ಮೋಸ. ಆಮೇಲೆ ಸ್ಟುಡಿಯೋದಲ್ಲಿ ಕೂತು ತಪ್ಪು ತಿದ್ದಿ, ಚಪ್ಪಾಳೆ ಸೇರಿಸಿ ಮಾರ್ತಾರೆ." ಹೌದು, ಹಾಗೆ ಮಾಡಿದವರು ಇದ್ದಾರೆ. ಬೇಕಾದಷ್ಟಿದ್ದಾರೆ. ಆದರೆ ಸ್ವಾಮಿ, ಇದನ್ನು ತಿದ್ದಿದ್ದರೆ ಇಷ್ಟು ಕೆಟ್ಟದಾಗಿ ಇರುತ್ತಿತ್ತಾ? ಒಂದೋ ಸೌಂಡ್ ಸರಿಯಿಲ್ಲ ಅನ್ನಿ, ಇಲ್ಲಾ ತಿದ್ದಿದ್ದಾರೆ ಅನ್ನಿ. ಎರಡೂ ಅನ್ನಬೇಡಿ.

ಒಂದನ್ನು ಮಾತ್ರ ಒಪ್ಪುತ್ತೇನೆ. ವು-ಟ್ಯಾಂಗ್ ಹೆಸರೇ ಕೇಳದವರಿಗೆ ಮೊದಲು ಇದನ್ನು ಕೇಳಿಸಬಾರದು. ಒಂದು ಮಾತೂ ತಿಳಿಯಲ್ಲ. ಪರಿಚಯ ಇಲ್ಲದವರ ಮನೆಯ ಮದುವೆಗೆ ಹೋದ ಹಾಗೆ ಆಗುತ್ತೆ. ಆದರೆ ನಿನ್ನೆ ಕೂತವರೆಲ್ಲ ಆ ಮನೆಯವರೇ. ಒಂದೊಂದು ಸಾಲೂ ಬಾಯಲ್ಲಿರುವವರು.

ಈಗ ಒಂದು ತಪ್ಪೊಪ್ಪಿಗೆ. ಈ ಆಲ್ಬಮ್ 2004ರ ಸೆಪ್ಟೆಂಬರಿನಲ್ಲಿ ಬಂತು. ಅದಾದ ಕೆಲವೇ ದಿನಕ್ಕೆ ಯಾರೋ ಕಾಪಿ ಮಾಡಿಕೊಟ್ಟ ಸಿಡಿ ನನ್ನ ಕೈಗೆ ಸಿಕ್ಕಿತು. ಅರ್ಧ ಕೇಳಿದೆ. "ಥೂ, ಸಿಡಿ ಥರ ಇಲ್ಲ" ಅಂದೆ. ಹೌದು, ನಾನೇ. ಇದೇ ಮಾತು. ಆಮೇಲೆ ಅದು ನನ್ನ ಮೇಜಿನ ಮೇಲೆ ನೀರಿನ ಲೋಟದ ಕೆಳಗೆ ಬಿದ್ದಿತ್ತು. ನವೆಂಬರ್ 13ಕ್ಕೆ ಓಡಿಬಿ ಸತ್ತ. ರಿಜಾನ ಸ್ಟುಡಿಯೋದಲ್ಲೇ. ಇನ್ನೆರಡು ದಿನ ಕಳೆದಿದ್ದರೆ 36 ತುಂಬುತ್ತಿತ್ತು. 36! ಈ ತಂಡದವರು ಅಷ್ಟೊಂದು ಕಡೆ ಬರೆದುಕೊಂಡ ಅದೇ ಸಂಖ್ಯೆ.

ಸುದ್ದಿ ಕೇಳಿದ ದಿನ ಲೋಟ ಎತ್ತಿಟ್ಟು, ಸಿಡಿ ಮೇಲಿನ ನೀರಿನ ಉಂಗುರ ಒರೆಸಿ ಹಾಕಿದೆ. ಎರಡು ಕಡೆ ತೊಡರಿತು. ಒಂಬತ್ತು ದನಿಗಳ ಗಲಾಟೆಯಲ್ಲಿ ಓಡಿಬಿ ಎಲ್ಲಿದ್ದಾನೆ ಅಂತ ಹುಡುಕಿ ಹುಡುಕಿ ಕೇಳಿದೆ. ಅವನು ಅಲ್ಲೊಮ್ಮೆ ಇಲ್ಲೊಮ್ಮೆ ಬರುತ್ತಾನೆ. ಬಂದ ಕೂಡಲೇ ಗೊತ್ತಾಗುತ್ತದೆ. ಆ ದನಿ ಇನ್ಯಾರಿಗೂ ಇಲ್ಲ. ಅವತ್ತು ನನಗೆ ಸೌಂಡ್ ಸರಿಯಿಲ್ಲ ಅಂತ ಒಮ್ಮೆಯೂ ಅನ್ನಿಸಲಿಲ್ಲ.

"ಅದು ಸೆಂಟಿಮೆಂಟು" ಅಂದ ನಿನ್ನೆ ನಮ್ಮವನು. ಇರಬಹುದು. ಆದರೆ ಸಾವಿನ ಮಾತು ಪಕ್ಕಕ್ಕಿಡು. ಅವತ್ತು ನಾನು ಮೊದಲ ಸಲ ಅದನ್ನು ಕೇಳಿದೆ, ಅಷ್ಟೇ. ಅದಕ್ಕೂ ಮುಂಚೆ ಕೇಳಿದ್ದು ಹಳೇ ಆಲ್ಬಮ್ಮನ್ನು, ತಲೆಯೊಳಗೆ. ಇದು ಅದಕ್ಕೆ ಹೊಂದುತ್ತಾ ಇಲ್ವಾ ಅಂತ ಸಾಲು ಸಾಲಿಗೂ ಟಿಕ್ ಹಾಕುತ್ತಿದ್ದೆ. ಪೇಪರ್ ತಿದ್ದುವ ಮೇಷ್ಟ್ರ ಹಾಗೆ.

ಇನ್ನೊಂದು ಹೇಳಲೋ ಬೇಡವೋ ಅಂತ ಆಗಲಿಂದ ಒದ್ದಾಡುತ್ತಿದ್ದೇನೆ. ಹೇಳಿಬಿಡ್ತೀನಿ. ನಾನೂ ಒಂದು ಸಲ ರ‍್ಯಾಪ್ ಮಾಡಿದ್ದೇನೆ, ಕಾಲೇಜಿನ ಸ್ಟೇಜ್ ಮೇಲೆ. ನಗಬೇಡಿ. ಕನ್ನಡಿ ಮುಂದೆ ತಿಂಗಳುಗಟ್ಟಲೆ ಅಭ್ಯಾಸ. ಮೈಕ್ ಹಿಡಿದದ್ದು ಹೇಗೆ ಅಂತ ಬೇರೆ ಹೇಳಬೇಕಾ? ಎರಡೂ ಕೈಯಲ್ಲಿ ಜಾಲರಿ ಮುಚ್ಚಿ. ಎಂಟನೇ ಸಾಲಿಗೆ ಉಸಿರು ಮುಗಿಯಿತು. ಕಣ್ಣ ಮುಂದೆ ಬಿಳಿ ಲೈಟು, ಬಾಯಲ್ಲಿ ಒಂದು ಪದ ಇಲ್ಲ. ಆಗ ಹಿಂದಿನಿಂದ ಒಬ್ಬ ನನ್ನ ಸಾಲಿನ ಕೊನೇ ಪದ ಕೂಗಿದ. ಮುಂದಿನ ಸಾಲಿನದೂ ಕೂಗಿದ. ಅದರ ಮುಂದಿನದೂ. ನಾನು ಉಸಿರು ಎಳೆದುಕೊಂಡು ಮತ್ತೆ ಹಿಡಿದೆ. ಅವನು ಕಾರ್ಯಕ್ರಮದಲ್ಲೇ ಇರಲಿಲ್ಲ. ವೈರ್ ಎಳೆಯೋಕೆ ಸ್ಟೇಜ್ ಹತ್ತಿದವನು. ಪಕ್ಕದಲ್ಲಿದ್ದ ಇನ್ನೊಂದು ಮೈಕ್ ಎತ್ತಿಕೊಂಡಿದ್ದ.

ಅವನು ಯಾರು ಅಂತ ಗೊತ್ತಾಯ್ತಲ್ಲ? ನಿನ್ನೆ ನನ್ನ ಫೋನ್ ಕಿತ್ತುಕೊಂಡ ಮಹಾನುಭಾವ.

ಅದನ್ನು ಯಾರೋ ಆಗಿನ ಕಾಲದ ಫೋನಿನಲ್ಲಿ ರೆಕಾರ್ಡ್ ಮಾಡಿದ್ದರು. ನಲವತ್ತು ಸೆಕೆಂಡಿನ ಕ್ಲಿಪ್ಪು. ಸೌಂಡ್ ಅಂದರೆ, ಡಬ್ಬದೊಳಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ಐದು ಫೋನ್ ಬದಲಾಯಿಸಿದ್ದೇನೆ, ಐದಕ್ಕೂ ಅದನ್ನು ಹೊತ್ತು ತಂದಿದ್ದೇನೆ. ಅವನಿಗೆ ಯಾವತ್ತೂ ತೋರಿಸಿರಲಿಲ್ಲ. ನಾಚಿಕೆ ಅನ್ನಿ.

ಇಷ್ಟು ಬರೆಯುವಷ್ಟರಲ್ಲಿ ಅವನದೇ ಮೆಸೇಜ್ ಬಂತು. "ರಾತ್ರಿ ಮನೆಗೆ ಹೋಗಿ ಇನ್ನೂ ಮೂರು ಹಾಡು ಕೇಳಿದೆ ಕಣೋ. ಅವರಿಗೆ ಮೊದಲು ಮೈಕ್ ಸರಿಯಾಗಿ ಹಿಡಿಯೋಕೆ ಹೇಳು." ಸುಧಾರಿಸುವ ಜಾತಿಯಲ್ಲ.

ಉತ್ತರ ಬರೆಯಲಿಲ್ಲ. ಆ ಕ್ಲಿಪ್ ಕಳಿಸಿದೆ. ನೀಲಿ ಗೆರೆ ಬಂದು ಆಗಲೇ ಹತ್ತು ನಿಮಿಷ ಆಯಿತು. ಕ್ಲಿಪ್ ಇರುವುದು ನಲವತ್ತು ಸೆಕೆಂಡು.